30 ದಿನದಲ್ಲಿ 16 ಷೋ: ಸಣ್ಣ ರಂಗಮಂದಿರಕ್ಕೆ ಇದು ಆಗುತ್ತಾ?

ಮೂರನೇ ಬೆಲ್:
ನಮ್ಮದು 120 ಸೀಟಿನ ಸಣ್ಣ ರಂಗಮಂದಿರ. ನಡೆಸುವವರೆಲ್ಲ ಹವ್ಯಾಸಿಗಳು, ಸಂಬಳ ತೆಗೆದುಕೊಳ್ಳುವವರು ಯಾರೂ ಇಲ್ಲ. ವರ್ಷವೆಲ್ಲ ಆಗೊಂದು ಈಗೊಂದು ಷೋ ಮಾಡಿ, ಅರ್ಧ ಖಾಲಿ ಸೀಟು ನೋಡಿ ಸಾಕಾಗಿದೆ. ಅದಕ್ಕೆ ಈ ಸಲ ಎಲ್ಲವನ್ನೂ ಒಂದೇ ತಿಂಗಳಲ್ಲಿ ಮಾಡೋಣ ಅಂತಿದ್ದೇವೆ. 7 ನಾಟಕ, 3 ನೃತ್ಯ, 4 ಸಂಗೀತ, 2 ಮಕ್ಕಳ ನಾಟಕ, ಒಟ್ಟು 16. ಒಂದೇ ಕರಪತ್ರ, ಒಂದೇ ಪ್ರಚಾರ. ಕೊನೆಯ ಷೋ ಮಾರ್ಚ್ 27ಕ್ಕೆ, ವಿಶ್ವ ರಂಗಭೂಮಿ ದಿನದಂದು. ಮಾಡಿ ನೋಡಿದವರು ಇದ್ದರೆ ಹೇಳಿ. ಹುಚ್ಚು ಅನ್ನಿಸಿದರೂ ಹೇಳಿ.

ಕೊನೇ ಸಾಲು:
ನಾನು ಬರೀ ಪ್ರೇಕ್ಷಕ, ಆದರೂ ಮಾತಾಡುತ್ತೇನೆ. ದಯವಿಟ್ಟು ಮಾಡಿ. ನನಗೆ ನಾಟಕದ ಪೋಸ್ಟರ್ ಕಾಣುವುದೇ ಷೋ ಮುಗಿದ ಮಾರನೇ ದಿನ. ತಿಂಗಳಿಡೀ ಏನಾದರೂ ನಡೀತಾ ಇದ್ದರೆ ಕಾಲು ತಾನಾಗೇ ಆ ಕಡೆ ಹೋಗುತ್ತದೆ. ಎಡಿನ್‌ಬರೋ ಫ್ರಿಂಜ್ ಅನ್ನುವ ಸ್ಕಾಟ್ಲೆಂಡಿನ ರಂಗೋತ್ಸವ ಶುರುವಾಗಿದ್ದೇ ಹಾಗಲ್ವಾ? 1947ರಲ್ಲಿ ಅಲ್ಲಿನ ದೊಡ್ಡ ಉತ್ಸವಕ್ಕೆ 8 ತಂಡಗಳು ಕರೆಯದೇ ಬಂದು, ಸಿಕ್ಕ ಜಾಗದಲ್ಲಿ ನಾಟಕ ಆಡಿದವು. ಜನ ಹೇಗೂ ನಾಟಕದ ಗುಂಗಲ್ಲಿದ್ದರು, ಇವನ್ನೂ ನೋಡಿದರು.

ಡಿಮ್ಮರ್:
ನಾನು ಲೈಟಿಂಗಿನವನು. ನೀವು ಷೋ ಎಣಿಸಿದ್ದೀರಿ, ದಿನ ಎಣಿಸಿಲ್ಲ. ಒಂದು ನಾಟಕಕ್ಕೆ ಹಿಂದಿನ ದಿನ ಪೂರ್ತಿ ಬೇಕು. ಸೆಟ್ ನಿಲ್ಲಿಸಬೇಕು, ಲೈಟ್ ತಿರುಗಿಸಬೇಕು, ಲೈಟು, ಸದ್ದು ಎಲ್ಲ ಸೇರಿಸಿ ಟೆಕ್ನಿಕಲ್ ರಿಹರ್ಸಲ್ ಆಗಬೇಕು. ನಾಟಕಕ್ಕೆ ಮುಖ ಕಾಣಬೇಕು, ಹಾಗಾಗಿ ಮುಂದಿನಿಂದ ಲೈಟು. ನೃತ್ಯಕ್ಕೆ ಇಡೀ ಮೈ ಕಾಣಬೇಕು. ವಿಂಗ್ಸಿನಿಂದ, ಅಂದರೆ ವೇದಿಕೆಯ ಪಕ್ಕಗಳಿಂದ, ಮೊಣಕಾಲಿನ ಮಟ್ಟದಿಂದಲೂ ಲೈಟು. ಇರುವುದು ಅದೇ ಲೈಟು, ಅದೇ ಏಣಿ, ಅದೇ ನಾನು. ಏಣಿಯ ತುದಿಯಲ್ಲಿ ನಿಂತು, ಕಾದ ಲೈಟನ್ನು ಗ್ಲೌಸ್ ಹಾಕಿದ ಕೈಯಲ್ಲಿ ಒಂದೊಂದೇ ಇಂಚು ತಿರುಗಿಸಬೇಕು. ಕೆಳಗೆ ಪಾತ್ರಧಾರಿ ನಿಲ್ಲುವ ಜಾಗದಲ್ಲಿ ಒಬ್ಬರು ನಿಂತು "ಗಲ್ಲಕ್ಕೆ ಬಂತು, ಇನ್ನೂ ಮೇಲೆ, ಇನ್ನೂ" ಅಂತ ಕೂಗಬೇಕು. ಒಂದು ಲೈಟಿಗೇ ಐದು ನಿಮಿಷ ಹೋಗುತ್ತದೆ. ಈಗ 7 ನಾಟಕಕ್ಕೆ 14 ದಿನ, 3 ನೃತ್ಯಕ್ಕೆ 6, ಸಂಗೀತಕ್ಕೆ 4, ಮಕ್ಕಳಿಗೆ 2. 26 ದಿನ ಆಯಿತು. ಯಾರಿಗೂ ಜ್ವರ ಬರಬಾರದು, ಯಾವ ದೀಪವೂ ಸುಡಬಾರದು.

ಮೂರನೇ ಬೆಲ್:
ಡಿಮ್ಮರ್ ಸರ್, ಒಪ್ಪಿದೆ. ಆದರೆ ಶೇಕ್ಸ್‌ಪಿಯರ್ ಕಾಲದ ಲಂಡನ್ನಿನಲ್ಲಿ ಒಂದೇ ತಂಡ ಹೆಚ್ಚುಕಡಿಮೆ ದಿನಕ್ಕೊಂದು ಬೇರೆ ನಾಟಕ ಆಡುತ್ತಿತ್ತು. 1590ರ ದಶಕದ ರೋಸ್ ಥಿಯೇಟರಿನ ಲೆಕ್ಕದ ಪುಸ್ತಕ ಇನ್ನೂ ಉಳಿದಿದೆ, ಅದರಲ್ಲೇ ಬರೆದಿದ್ದಾರೆ. ಅವರಿಗೆ ಆಗಿದ್ದು ನಮಗೆ ಯಾಕಾಗಲ್ಲ?

ಡಿಮ್ಮರ್:
ಅವರ ಲೈಟಿಂಗ್ ನೋಡಿಕೊಳ್ಳುತ್ತಿದ್ದವನು ಸೂರ್ಯ. ಮಧ್ಯಾಹ್ನದ ಷೋ, ಮೇಲೆ ಬಯಲು, ಸೆಟ್ ಅಂತ ಹೇಳಿಕೊಳ್ಳುವಂಥದ್ದೂ ಇಲ್ಲ. ಕಾಡು ಅಂದರೆ ಕಾಡು, ಅರಮನೆ ಅಂದರೆ ಅರಮನೆ. ಅಲ್ಲದೆ ಅವರಿಗೆ ಅದೇ ಹೊಟ್ಟೆಪಾಡು. ನಮ್ಮವರು ಆಫೀಸ್ ಮುಗಿಸಿ ಸಂಜೆ ಬ್ಯಾಗ್ ಸಮೇತ ಬರುತ್ತಾರೆ. ಹಾಗೆ ಮಾಡಲೇಬೇಕು ಅಂದರೆ ಒಂದು ದಾರಿ ಇದೆ. ಎಲ್ಲ ಷೋಗೂ ಹೊಂದುವ ಒಂದು ಸಾಮಾನ್ಯ ಲೈಟಿಂಗ್ ಮೊದಲ ದಿನವೇ ಕಟ್ಟಿಬಿಡುತ್ತೇನೆ. ಪ್ರತಿ ತಂಡಕ್ಕೆ ಅದರ ಮೇಲೆ ಮೂರು ನಾಲ್ಕು ಲೈಟು ಮಾತ್ರ ಅವರಿಗೆ ಬೇಕಾದ ಹಾಗೆ. ಅದಕ್ಕಿಂತ ಜಾಸ್ತಿ ಕೇಳಿದರೆ ನಾನಿಲ್ಲ.

ಬರಿಗಾಲು:
ನೃತ್ಯದವರನ್ನು ಕೊನೆಗೆ ಕೇಳುವುದು ಮಾಮೂಲು, ಅದಕ್ಕೆ ನಾನೇ ಬಂದೆ. ಒಂದು ಕಡೆ ಹೀಗೇ ಒತ್ತೊತ್ತಾಗಿ ಕಾರ್ಯಕ್ರಮ ಇಟ್ಟಿದ್ದರು. ಹಿಂದಿನ ರಾತ್ರಿ ನಾಟಕದವರು ಸೆಟ್ ಬಿಚ್ಚಿಕೊಂಡು ಹೋಗಿದ್ದರು. ನಾವು ಎರಡು ಸಲ ಗುಡಿಸಿದೆವು. ಆದರೂ ಹಲಗೆಗಳ ಸಂದಿಯಲ್ಲಿ ಒಂದು ಸ್ಕ್ರೂ ನೆಟ್ಟಗೆ ನಿಂತಿತ್ತು. ಎರಡನೇ ಐಟಂನಲ್ಲಿ ನಮ್ಮ ಹುಡುಗಿಯ ಹಿಮ್ಮಡಿಗೆ ಹೋಯಿತು. ಅವಳು ನಿಲ್ಲಿಸಲಿಲ್ಲ. ನೆಲದ ಮೇಲೆ ಬಿದ್ದ ಕೆಂಪು ಗುರುತುಗಳನ್ನು ಮುಂದಿನ ಸಾಲಿನವರು ಅಲಂಕಾರ ಅಂದುಕೊಂಡರಂತೆ.
ಇನ್ನೊಂದು ವಿಷಯ. ನಿಮ್ಮ ವೇದಿಕೆ ಮರದ್ದೋ ಕಾಂಕ್ರೀಟೋ? ಹಲಗೆಯ ಕೆಳಗೆ ಟೊಳ್ಳಿದ್ದು ಸ್ವಲ್ಪ ಬಾಗಿದರೆ ಕಾಲು ಉಳಿಯುತ್ತದೆ. ಕಾಂಕ್ರೀಟಿನ ಮೇಲೆ ಮ್ಯಾಟ್ ಹಾಸಿಬಿಟ್ಟರೆ ಸಾಕು ಅನ್ನುವವರು ಅದರ ಮೇಲೆ ಹತ್ತು ನಿಮಿಷ ಕುಣಿದು ತೋರಿಸಲಿ.

ಮೂರನೇ ಬೆಲ್:
ಮರದ್ದೇ ಮೇಡಂ, ಕೆಳಗೆ ಟೊಳ್ಳಿದೆ. ಸ್ಕ್ರೂ ವಿಷಯ ಓದಿ ಮೈ ಜುಂ ಅಂದಿತು.

ಹಳೇ ಪಾತ್ರಧಾರಿ:
ಲೈಟು, ನೆಲ ಎಲ್ಲ ಸರಿ. ನನ್ನ ತಕರಾರು ಬೇರೆ. ಎರಡು ತಿಂಗಳು ರಿಹರ್ಸಲ್ ಮಾಡಿ ಒಂದೇ ಷೋ ಆಡುವುದಾ? ನಾನೊಂದು ಪಾತ್ರದಲ್ಲಿ ಪತ್ರ ಓದಬೇಕಿತ್ತು. ಮೊದಲ ದಿನ, ನಾವು ಕನಸಲ್ಲೂ ಎಣಿಸದ ಜಾಗದಲ್ಲಿ ಜನ ನಕ್ಕರು. ನಾನು ಗಾಬರಿಯಾಗಿ ಆ ನಗುವಿನ ಮೇಲೇ ಮುಂದಿನ ಸಾಲು ಹೇಳಿಬಿಟ್ಟೆ. ಇಡೀ ಕಥೆ ತಿರುಗುವುದೇ ಆ ಸಾಲಿನಲ್ಲಿ! ಯಾರಿಗೂ ಕೇಳಿಸಲಿಲ್ಲ. ಎರಡನೇ ದಿನ ಪತ್ರದ ಹಾಳೆಯನ್ನು ಸುಮ್ನೆ ತಿರುಗಿಸಿ ನೋಡಿದೆ, ನಗು ಇಳಿಯುವ ತನಕ ಕಾದೆ, ಆಮೇಲೆ ಹೇಳಿದೆ. ಸಭೆ ಗಪ್‌ಚುಪ್. ಇದನ್ನು ಯಾವ ನಿರ್ದೇಶಕರೂ ರಿಹರ್ಸಲ್ಲಿನಲ್ಲಿ ಕಲಿಸಲು ಆಗಲ್ಲ, ನಗುವವರು ಎದುರಿಗೆ ಇರಬೇಕು. 7 ನಾಟಕ ಒಂದೊಂದು ಷೋ ಬೇಡ. 4 ನಾಟಕ ಎರಡೆರಡು ಷೋ ಮಾಡಿ.

ಡಿಮ್ಮರ್:
ಲೆಕ್ಕವೂ ಕೂಡುತ್ತದೆ. 4 ನಾಟಕಕ್ಕೆ ತಯಾರಿ ಸೇರಿ 12 ದಿನ. ನೃತ್ಯ, ಸಂಗೀತ, ಮಕ್ಕಳದ್ದು ಸೇರಿ ಇನ್ನೊಂದು 12. 6 ದಿನ ಕೈಯಲ್ಲಿ ಉಳಿಯುತ್ತದೆ.

ಹೊಸ ತಂಡ:
ಬಿಟ್ಟುಹೋಗುವ ಆ 3 ತಂಡ ಯಾವುದು ಅಂತ ನಾನೇ ಹೇಳಲಾ? ನಮ್ಮಂಥವರದ್ದು. ಹಳಬರು ಎರಡನೇ ಷೋದಲ್ಲಿ ನಗುವಿಗೆ ಕಾಯುವುದು ಕಲಿಯಲಿ, ನಾವು ಮೊದಲನೇ ಷೋಗೇ ಕಾಯುತ್ತಾ ಕೂರೋಣ. ಚೆನ್ನಾಗಿದೆ.

ಹಳೇ ಪಾತ್ರಧಾರಿ:
ನಾನು ಹಾಗಂದೆನಾ?

ಹೊಸ ತಂಡ:
ಅನ್ನಲಿಲ್ಲ ಸರ್. ಆಗುವುದು ಹಾಗೆ. ಕಮಿಟಿಯಲ್ಲಿ ಕೂತವರ ತಂಡ ಯಾವತ್ತಾದರೂ ಬಿಟ್ಟುಹೋಗಿದ್ದು ನೋಡಿದ್ದೀರಾ? ಶನಿವಾರ ಭಾನುವಾರವೂ ಅವರಿಗೇ. 30 ದಿನದಲ್ಲಿ ಅವು ಎಷ್ಟಿವೆ, 8, ಜಾಸ್ತಿ ಅಂದರೆ 10.

ಕೊನೇ ಸಾಲು:
ಇದು ಹೊಸ ಜಗಳವೇನಲ್ಲ. 1658ರಲ್ಲಿ ಫ್ರೆಂಚ್ ನಾಟಕಕಾರ ಮೋಲಿಯೇರ್‌ನ ತಂಡ ಪ್ಯಾರಿಸ್ಸಿಗೆ ಬಂದಾಗ ಅವರಿಗೆ ಸಿಕ್ಕಿದ್ದು ಹಂಚಿಕೊಳ್ಳುವ ರಂಗಮಂದಿರ. ಅಲ್ಲಿ ಮೊದಲೇ ಇದ್ದ ಇಟಾಲಿಯನ್ ತಂಡದವರು ಭಾನುವಾರ, ಮಂಗಳವಾರದಂಥ ಒಳ್ಳೆಯ ದಿನಗಳನ್ನು ಇಟ್ಟುಕೊಂಡರು. ಹೊಸಬರಿಗೆ ಉಳಿಕೆ ದಿನಗಳು.

ಹೊಸ ತಂಡ:
ಉಳಿಕೆ ದಿನ ಆದರೂ ಕೊಟ್ಟರಲ್ಲ! ಬುಧವಾರ ಕೊಡಿ, ಆಡುತ್ತೇವೆ. ನಮ್ಮದು 40 ನಿಮಿಷದ ನಾಟಕ, ಇಬ್ಬರೇ ಪಾತ್ರಧಾರಿಗಳು, ಎರಡು ಕುರ್ಚಿ. ಡಿಮ್ಮರ್ ಸರ್ ಹೇಳಿದ ಆ ಸಾಮಾನ್ಯ ಲೈಟೇ ಸಾಕು.

ಶ್ರುತಿಪೆಟ್ಟಿಗೆ:
ಸಂಗೀತದವರ ಕಡೆಯಿಂದ ಒಂದು ಮಾತು. ನಾವು ಯಾರದ್ದೋ ಸೆಟ್ಟಿನ ಮುಂದೆ ಕೂತು ಹಾಡಲು ತಯಾರು. ಹಿಂದೆ ಜೈಲಿದ್ದರೂ ಪರವಾಗಿಲ್ಲ, ಪರದೆ ಎಳೆದುಕೊಳ್ಳುತ್ತೇವೆ. ಹಾಗಾಗಿ ಒಂದು ನಾಟಕದ ಎರಡು ಷೋಗಳ ನಡುವೆ ನಮ್ಮನ್ನು ಹಾಕಿದರೆ ಸೆಟ್ ಬಿಚ್ಚುವ ಕೆಲಸವೇ ಇಲ್ಲ. ಕೇಳುವುದು ಒಂದೇ. ಖಾಲಿ ಸಭಾಂಗಣದಲ್ಲಿ ಮೈಕ್ ಚೆಕ್ ಮಾಡಿ "ಎಲ್ಲ ಸರಿಯಾಗಿದೆ" ಅಂತ ಮನೆಗೆ ಹೋಗಿಬಿಡಬೇಡಿ. ಜನ ತುಂಬಿದ ಮೇಲೆ ಅವರ ಮೈ, ಬಟ್ಟೆ ಎಲ್ಲ ಸದ್ದು ಹೀರಿಕೊಳ್ಳುತ್ತದೆ. ಸಂಜೆ ಐದಕ್ಕೆ ಗುಂಯ್ ಅನ್ನುತ್ತಿದ್ದ ಹಾಲ್ ಏಳಕ್ಕೆ ಹತ್ತಿ ತುಂಬಿದ ಹಾಗೆ ಆಗಿರುತ್ತದೆ. ಮೊದಲ ಹಾಡು ಮುಗಿಯುವವರೆಗಾದರೂ ಮೈಕಿನವರು ಮೈಕಿನ ಹತ್ತಿರ ಇರಲಿ.

ಮೂರನೇ ಬೆಲ್:
ಇಷ್ಟು ಬರುತ್ತದೆ ಅಂದುಕೊಂಡಿರಲಿಲ್ಲ. ಈಗ ಕೂತು ಚಾರ್ಟ್ ತಿದ್ದಿದೆ. ದೊಡ್ಡ ಸೆಟ್ಟಿನ 4 ನಾಟಕ, ಎರಡೆರಡು ಷೋ. ಉಳಿದ 3 ನಾಟಕದವರಿಗೂ ಜಾಗ ಉಂಟು, ಆದರೆ ಸೆಟ್ ಇಲ್ಲದೆ, ಸಾಮಾನ್ಯ ಲೈಟಿನಲ್ಲಿ ಆಡಬೇಕು. ಉಳಿದಿದ್ದ 6 ದಿನದಲ್ಲಿ 3 ಅವರಿಗೆ. ಸಂಗೀತ ಎರಡು ಷೋಗಳ ನಡುವೆ, ಅಲ್ಲೇ ಇನ್ನೂ 4 ದಿನ ಸಡಿಲವಾಗಿದೆ ಅಂದುಕೊಂಡೆ, ಆಮೇಲೆ ನೋಡಿದರೆ ಅವೂ ಮೊದಲೇ ಲೆಕ್ಕಕ್ಕೆ ಸೇರಿದ ದಿನಗಳೇ. ನಕ್ಕುಬಿಟ್ಟೆ. ಕೊನೆಗೆ 3 ದಿನ ಖಾಲಿ. ಅವನ್ನು ಯಾರೂ ಕೇಳಬೇಡಿ. ಭಾನುವಾರ ಯಾರಿಗೆ ಅನ್ನುವುದನ್ನು ಚೀಟಿ ಎತ್ತಿ ನಿರ್ಧರಿಸುತ್ತೇವೆ, ಕಮಿಟಿಯವರ ತಂಡವೂ ಸೇರಿ.

ಹೊಸ ತಂಡ:
ಚೀಟಿ ಎತ್ತುವಾಗ ನಾನೂ ಬರಲಾ? ನಂಬಿಕೆ ಇಲ್ಲ ಅಂತಲ್ಲ.

ಮೂರನೇ ಬೆಲ್:
ಬನ್ನಿ. ನೀವೇ ಎತ್ತಿ.

ಡಿಮ್ಮರ್:
ಚಾರ್ಟಿನಲ್ಲಿ ಒಂದು ಕಾಲಂ ಕಡಿಮೆ ಇದೆ. ಪ್ರತಿ ಷೋ ಆದ ಮೇಲೆ ಸೆಟ್ ಬಿಚ್ಚುವವರು ಯಾರು? ತಂಡದ ಹೆಸರು ಬೇಡ, ಆಳಿನ ಹೆಸರು ಬರೆಯಿರಿ. ಚಪ್ಪಾಳೆ ಮುಗಿದ ಮೇಲೆ ತಂಡ ಅನ್ನುವುದು ಫೋಟೋ ತೆಗೆಸಿಕೊಳ್ಳುತ್ತಾ ಇರುತ್ತದೆ.

ಬರಿಗಾಲು:
ಬಿಚ್ಚಿದ ಮೇಲೆ ಪೊರಕೆ ಸಾಲುವುದಿಲ್ಲ. ಒಂದು ದೊಡ್ಡ ಮ್ಯಾಗ್ನೆಟ್ಟಿಗೆ ಹಗ್ಗ ಕಟ್ಟಿ ವೇದಿಕೆ ತುಂಬಾ ಎಳೆಯಬೇಕು. ಮ್ಯಾಗ್ನೆಟ್ ನಾನು ತರುತ್ತೇನೆ.