ಗಾಳಿ ಕುಡಿದರೂ ದಪ್ಪ ಆಗುವವರು

(ನಮ್ಮ ಮನೆ ಗುಂಪು, ಭಾನುವಾರ ರಾತ್ರಿ)

ಮಾವ: (ಫಾರ್ವರ್ಡ್) ಬೊಜ್ಜು ಬರುವುದು ಜೀನ್‌ನಿಂದ! ಆ ಜೀನ್ ಇದ್ದರೆ ಗಾಳಿ ಕುಡಿದರೂ ದಪ್ಪ ಆಗುತ್ತೀರಿ. ಫಾಸ್ಟ್ ಫುಡ್‌ಗೆ ಬೈಯುವುದು ಬಿಡಿ. ಎಲ್ಲರಿಗೂ ಕಳಿಸಿ!!

ಮಾವ: ನೋಡಿದಿರಾ? ನಾನು ಮೊದಲಿಂದ ಇದನ್ನೇ ಹೇಳುತ್ತಿದ್ದೆ.

ಅತ್ತೆ: ಇವರು ಒಂದು ಕೈಯಲ್ಲಿ ಬರ್ಗರ್ ಹಿಡಿದುಕೊಂಡೇ ಟೈಪ್ ಮಾಡುತ್ತಿದ್ದಾರೆ. ಎದುರಿಗೇ ಕೂತಿದ್ದೇನೆ.

ತಮ್ಮ: ಸುಮ್ನೆ ನೆಪ ಮಾವ. ಬಾಯಿ ಕಟ್ಟಿದರೆ ಯಾರಾದರೂ ಸಣ್ಣ ಆಗುತ್ತಾರೆ. ದಪ್ಪ ಇರುವವರು ಸೋಮಾರಿಗಳು, ಅಷ್ಟೇ.

ಅಕ್ಕ: ಅಷ್ಟೇನಾ? ಒಂದೇ ಮನೆಯಲ್ಲಿ ಬೆಳೆದವರು ನಾವು. ನನಗಿಂತ ಎರಡು ಪಟ್ಟು ತಿನ್ನುತ್ತಿದ್ದವನು ನೀನು.

ತಮ್ಮ: ನಿನಗೆ ಹೇಳಲಿಲ್ಲ ಅಕ್ಕ.

ಅಕ್ಕ: ಮತ್ತೆ ಯಾರಿಗೆ?

ನಾನು: ಮಾವ, ಇದು ಅರ್ಧ ನಿಜ, ಅರ್ಧ ಬುರುಡೆ. 2007ರಲ್ಲಿ ಎಫ್‌ಟಿಒ ಅನ್ನುವ ಜೀನ್ ದೊಡ್ಡ ಸುದ್ದಿ ಆಯಿತು. ಅದರ ತೂಕ ಏರಿಸುವ ನಮೂನೆ ಅಪ್ಪ, ಅಮ್ಮ ಇಬ್ಬರಿಂದಲೂ ಬಂದವರು ಸರಾಸರಿ 3 ಕೆಜಿ ಜಾಸ್ತಿ ತೂಗುತ್ತಾರೆ. 3 ಮಾವ, 30 ಅಲ್ಲ. ಇಂಥವು ನೂರಾರು ಇವೆ, ಬಹುತೇಕ ಎಲ್ಲದರ ಪಾಲೂ ಇನ್ನೂ ಚಿಕ್ಕದು.

ಮಾವ: ನೂರಾರು ಸೇರಿದರೆ?

ನಾನು: ಜಾಸ್ತಿನೇ, ಒಪ್ಪಿದೆ. ಕೆನಡಾದಲ್ಲಿ 12 ಜೋಡಿ ತದ್ರೂಪಿ ಅವಳಿ ಹುಡುಗರಿಗೆ 84 ದಿನ, ದಿನಕ್ಕೆ 1,000 ಕ್ಯಾಲರಿ ಹೆಚ್ಚಿಗೆ ತಿನ್ನಿಸಿದ್ದರು. 1990ರಲ್ಲಿ ಪ್ರಕಟವಾಯಿತು. ಒಬ್ಬ 4 ಕೆಜಿ ಏರಿದ, ಇನ್ನೊಬ್ಬ 13. ಆದರೆ ಒಂದೇ ಜೋಡಿಯವರು ಹೆಚ್ಚುಕಮ್ಮಿ ಒಂದೇ ಥರ ಏರಿದರು. ಇದು ನಿನಗೆ ಕಣೋ ತಮ್ಮಾ. ಎಲ್ಲರಿಗೂ ಬಡಿಸಿದ ಹೆಚ್ಚುವರಿ ಸಮ, ಮೈಗೆ ಹತ್ತಿದ್ದು ಬೇರೆ ಬೇರೆ.

ಮಾವ: ಗೆದ್ದೆ!

ನಾನು: ತಡೀರಿ. ತೂಕ ಏರದೆ ಉಳಿದವನು ಅಲ್ಲಿ ಒಬ್ಬನೂ ಇರಲಿಲ್ಲ. ಜಗತ್ತಿನಲ್ಲಿ ಬೊಜ್ಜಿರುವ ದೊಡ್ಡವರ ಪ್ರಮಾಣ 1990ರಿಂದ ಎರಡು ಪಟ್ಟಿಗಿಂತ ಜಾಸ್ತಿ ಆಗಿದೆ. ಇಷ್ಟು ಬೇಗ ಜೀನ್ ಬದಲಾಗುತ್ತದೆಯೇ?

ಅತ್ತೆ: ಜೀನ್ ಅಲ್ಲ, ತಂಪು ಪಾನೀಯದ ಲೋಟ ಬದಲಾಗಿದೆ. ಈಗ ಅದು ಬಕೆಟ್.

ತಮ್ಮ: ನಾನೂ ಅದನ್ನೇ ಹೇಳಿದ್ದು. ತಿನ್ನಬೇಡಿ ಅಂತ.

ಅಕ್ಕ: ಹೇಳುವುದು ಸುಲಭ. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ 20 ಜನರನ್ನು ಒಳಗೇ ಇರಿಸಿಕೊಂಡು ನೋಡಿತು. 2019ರ ಅಧ್ಯಯನ. ಎರಡು ವಾರ ಕಾರ್ಖಾನೆಯಲ್ಲಿ ತಯಾರಾದ ತಿಂಡಿ, ಎರಡು ವಾರ ಮಾಮೂಲಿ ಅಡುಗೆ. ಎದುರಿಗಿಟ್ಟ ಕ್ಯಾಲರಿ, ಸಕ್ಕರೆ, ಕೊಬ್ಬು ಎರಡರಲ್ಲೂ ಸಮ. ಬೇಕಾದಷ್ಟು ತಿನ್ನಿ ಅಂದರು. ಕಾರ್ಖಾನೆ ತಿಂಡಿ ಇದ್ದಾಗ ದಿನಕ್ಕೆ ಸುಮಾರು 500 ಕ್ಯಾಲರಿ ಹೆಚ್ಚಿಗೆ ಇಳಿಸಿದರು. ಬೇಗ ಬೇಗ ಬೇರೆ ತಿಂದರು. ಅದೇ ಜನ ಕಣೋ. ಎರಡು ವಾರಕ್ಕೆ ಮಾತ್ರ ಸೋಮಾರಿಗಳಾಗಿಬಿಟ್ಟರಾ?

ತಮ್ಮ: (ಈ ಸಂದೇಶವನ್ನು ಅಳಿಸಲಾಗಿದೆ)

ಅಕ್ಕ: ಓದಿಯಾಯಿತು.

ತಮ್ಮ: ಸಾರಿ ಅಕ್ಕ. ಆ ಸೋಮಾರಿ ಮಾತನ್ನೂ ವಾಪಸ್ ತೆಗೆದುಕೊಂಡೆ.

ಮಾವ: ಹಾಗಾದರೆ ನನಗೆ 3 ಕೆಜಿ ಮನ್ನಾ ತಾನೇ?

ಅತ್ತೆ: ಮೊದಲು ಆ ಬರ್ಗರ್ ಕೆಳಗಿಡಿ.

ಮಾವ: ಅದು ಆಗಲೇ ಮುಗಿಯಿತು.

ಅತ್ತೆ: ನಾನು ಹೇಳಿದ್ದು ಎರಡನೆಯದು.