ಪಿ0087 ಕೋಡ್, ಘಾಟಿಯಲ್ಲಿ ಎಳೆತ ಇಲ್ಲ: ಶೋರೂಂನವರು 1.57 ಲಕ್ಷ ಅಂತಾರೆ, ಒಪ್ಪಿಕೊಳ್ಳಲಾ?

ತೋಟದಮನೆ:

ಎಲ್ಲರಿಗೂ ನಮಸ್ಕಾರ. ನನ್ನದು 2016ರ ಡೀಸೆಲ್ ಹ್ಯಾಚ್‌ಬ್ಯಾಕ್, ಕಾಮನ್ ರೈಲ್ ಎಂಜಿನ್, 1,12,000 ಕಿ.ಮೀ. ಓಡಿದೆ. ಊರು ಸಕಲೇಶಪುರದ ಹತ್ತಿರ.

ಹೋದ ವಾರ ಮಂಗಳೂರಿನಿಂದ ವಾಪಸ್ ಬರುತ್ತಿದ್ದೆ. ಗುಂಡ್ಯ ದಾಟಿ ಶಿರಾಡಿ ಏರು ಹತ್ತುವಾಗ, ಕೆಂಪುಹೊಳೆ ಹತ್ತಿರ ಒಂದು ಲಾರಿ ಹಿಂದೆ ಹಾಕೋಣ ಅಂತ ಪೂರ್ತಿ ತುಳಿದೆ. ಗಾಡಿ ಮುಂದೆ ಹೋಗಲೇ ಇಲ್ಲ. ಚೆಕ್ ಎಂಜಿನ್ ಲೈಟ್ ಬಂತು, 2,000 ಆರ್‌ಪಿಎಂ ಮೇಲೆ ಏರಲಿಲ್ಲ. ಪಕ್ಕಕ್ಕೆ ಹಾಕಿ ಆಫ್ ಮಾಡಿ ಆನ್ ಮಾಡಿದರೆ ಸ್ವಲ್ಪ ಹೊತ್ತು ಸರಿ, ಮತ್ತೆ ಅದೇ ಕಥೆ. ಮಾರನಹಳ್ಳಿ ತನಕ ಎರಡನೇ ಗೇರ್‌ನಲ್ಲೇ ಬಂದೆ. ಈಗ ಬೆಳಿಗ್ಗೆ ಸ್ಟಾರ್ಟ್ ಆಗುವುದಕ್ಕೂ ಜಾಸ್ತಿ ಹೊತ್ತು ಸೆಲ್ಫ್ ಹೊಡೆಯಬೇಕು.

ಶೋರೂಂ ಸರ್ವಿಸ್‌ಗೆ ಬಿಟ್ಟೆ. ಸ್ಕ್ಯಾನ್ ಮಾಡಿದ್ದಕ್ಕೆ 2,950 ತಗೊಂಡರು, ಕೋಡ್ ಪಿ0087 ಅಂದರು. ಸಂಜೆ ಎಸ್ಟಿಮೇಟ್ ವಾಟ್ಸಾಪ್‌ನಲ್ಲಿ ಬಂತು: ಹೈ ಪ್ರೆಷರ್ ಪಂಪ್ 46,000, ನಾಲ್ಕು ಇಂಜೆಕ್ಟರ್ (ಎಂಜಿನ್ ಒಳಗೆ ಡೀಸೆಲ್ ಚಿಮ್ಮಿಸುವವು) 70,000, ರೈಲ್ ಮತ್ತು ಪೈಪ್ ಕ್ಲೀನಿಂಗ್ 9,000, ಲೇಬರ್ 8,000. ಶೇ 18 ಜಿಎಸ್‌ಟಿ ಸೇರಿ 1,56,940. ಗಾಡಿ ಮಾರಿದರೆ ಮೂರು ಲಕ್ಷ ಸಿಕ್ಕರೆ ಪುಣ್ಯ. "ಪೂರ್ತಿ ಸೆಟ್ ಚೇಂಜ್ ಮಾಡಿದ್ರೇನೇ ಸರ್ ಗ್ಯಾರಂಟಿ" ಅಂತಾರೆ ಅಡ್ವೈಸರ್. ನಾಳೆ ಹೇಳಬೇಕು. ಏನು ಮಾಡಲಿ?

ಟರ್ಬೋ ಪುಟ್ಟ:

ಮಾರಿ ಪೆಟ್ರೋಲ್ ಗಾಡಿ ತಗೊಳ್ಳಿ ಗುರು. ಡೀಸೆಲ್ ಸಹವಾಸ ಸಾಕು.

ಹಳೇ ಸ್ಪ್ಯಾನರ್:

ಪುಟ್ಟ, ಅದು ಉತ್ತರ ಅಲ್ಲ ಮಾರಾಯ.

ತೋಟದಮನೆ ಅವರೇ, ಇವತ್ತು ಹೂಂ ಅನ್ನಬೇಡಿ. ಪಿ0087 ಅಂದರೆ ರೈಲ್‌ನಲ್ಲಿ (ಎಲ್ಲ ಇಂಜೆಕ್ಟರ್‌ಗೂ ಡೀಸೆಲ್ ಹಂಚುವ ಕೊಳವೆ) ಡೀಸೆಲ್ ಒತ್ತಡ ಬೇಕಾದಷ್ಟು ಇಲ್ಲ ಅಂತ, ಅಷ್ಟೇ. ಪಂಪ್ ಹೋಗಿದೆ ಅಂತಲ್ಲ. ಫಿಲ್ಟರ್ ಕಟ್ಟಿಕೊಂಡಿದ್ದರೂ ಅದೇ ಕೋಡ್. ಟ್ಯಾಂಕ್‌ನಿಂದ ಬರುವ ಪೈಪ್ ಗಾಳಿ ಎಳೆದರೂ ಅದೇ. ಒಂದೇ ಒಂದು ಇಂಜೆಕ್ಟರ್ ಒಳಗೇ ಸೋರಿದರೂ ಅದೇ. ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ತುಳಿಯದೆ ಎಂಜಿನ್ ಓಡುವಾಗ, ಸುಮಾರು 250-300 ಬಾರ್ ಒತ್ತಡ ಸಾಕು, ಹಾಗಾಗಿ ಊರೊಳಗೆ ಗೊತ್ತಾಗುವುದಿಲ್ಲ. ಏರಿನಲ್ಲಿ ತುಳಿದಾಗ ಸಾವಿರದ ಮೇಲೆ ಕೇಳುತ್ತದೆ. ಆಗ ಪಂಪ್ ಒತ್ತಿದ್ದೆಲ್ಲ ಸೋರುವ ಇಂಜೆಕ್ಟರ್ ಮೂಲಕ ರಿಟರ್ನ್ ಪೈಪ್ ಹಿಡಿದು ಟ್ಯಾಂಕ್‌ಗೆ ವಾಪಸ್. ತೂತು ಕೊಡದಲ್ಲಿ ನೀರು ಸೇದಿದ ಹಾಗೆ.

ಶೋರೂಂನಲ್ಲಿ ಇದಿಷ್ಟು ಕೇಳಿ. ರಿಟರ್ನ್ ಟೆಸ್ಟ್ (ಒಂದೊಂದು ಇಂಜೆಕ್ಟರ್‌ನಿಂದ ಎಷ್ಟು ಡೀಸೆಲ್ ವಾಪಸ್ ಬರುತ್ತದೆ ಅಂತ ಅಳೆಯುವುದು) ಮಾಡಿದ್ದೀರಾ? ಮಾಡಿದ್ದರೆ ನಾಲ್ಕು ಇಂಜೆಕ್ಟರ್‌ನ ಅಳತೆ ಎಲ್ಲಿ? ಕೋಡ್ ಬಂದ ಹೊತ್ತಿನ ಫ್ರೀಜ್ ಫ್ರೇಮ್ (ಆ ಕ್ಷಣದ ಎಂಜಿನ್ ಅಂಕಿಗಳು) ಪ್ರಿಂಟ್ ಕೊಡಿ. ಫಿಲ್ಟರ್ ಬಿಚ್ಚಿ ನೋಡಿದ್ದೀರಾ? ದುಡ್ಡು ತಗೊಂಡು ಸ್ಕ್ಯಾನ್ ಮಾಡಿದ್ದಾರೆ, ರಿಪೋರ್ಟ್ ಕೇಳುವುದಕ್ಕೆ ಸಂಕೋಚ ಬೇಡ.

ಇನ್ನೊಂದು ಮಾತು. ಇತ್ತೀಚೆಗೆ ಡೀಸೆಲ್ ಎಲ್ಲಿ ಹಾಕಿಸಿದ್ದಿರಿ?

ಕರಾವಳಿ ಡೀಸೆಲ್:

ಶೋರೂಂನವರು ಯಾವಾಗಲೂ ಸುಳ್ಳು ಅಂತಲೂ ಅಂದುಕೊಳ್ಳಬೇಡಿ. ನನ್ನ ಗಾಡಿಯಲ್ಲಿ ಪಂಪ್ ಒಳಗೇ ಸವೆದು ಲೋಹದ ಪುಡಿ ಉದುರಿತ್ತು. ದುಡ್ಡು ಉಳಿಸೋಣ ಅಂತ ಬರೀ ಇಂಜೆಕ್ಟರ್ ಹಾಕಿಸಿದೆ. ನಾಲ್ಕೇ ತಿಂಗಳಲ್ಲಿ ಅವೂ ಹೋದವು. ಪುಡಿ ಬಂದಿದ್ದರೆ ಪೂರ್ತಿ ಸೆಟ್ ಬದಲಿಸಲೇಬೇಕು.

ನೋಡುವುದು ಸುಲಭ. ಹಳೇ ಫಿಲ್ಟರ್‌ನಲ್ಲಿರುವ ಡೀಸೆಲ್ಲನ್ನು ಗಾಜಿನ ಬಾಟಲಿಗೆ ಬಗ್ಗಿಸಿ ಬಿಸಿಲಿಗೆ ಹಿಡಿಯಿರಿ. ಮಿಣಮಿಣ ಅಂದರೆ ಕಷ್ಟ. ಹೊರಗಿಂದ ಮ್ಯಾಗ್ನೆಟ್ ಆಡಿಸಿ, ಪುಡಿ ಅದರ ಹಿಂದೆಯೇ ಓಡುತ್ತದೆ. ತಳದಲ್ಲಿ ಬೇರೆ ಪದರ ನಿಂತರೆ ಅದು ನೀರು.

ತೋಟದಮನೆ:

ಸರ್, ಡೀಸೆಲ್ ವಿಷಯ ಕೇಳಿದ್ದು ಒಳ್ಳೆಯದಾಯಿತು, ಹೇಳುವುದಕ್ಕೆ ನಾಚಿಕೆ. ಸ್ಪ್ರಿಂಕ್ಲರ್ ಪಂಪ್‌ಗೆ ಅಂತ ತೋಟದಲ್ಲಿ ಒಂದು ಬ್ಯಾರಲ್ ಇಟ್ಟಿದ್ದೇವೆ. ಎರಡು ತಿಂಗಳ ಹಿಂದೆ ರಾತ್ರಿ ಅರ್ಜೆಂಟಾಗಿ ಹಾಸನಕ್ಕೆ ಹೋಗಬೇಕಿತ್ತು. ಅದರಿಂದಲೇ ಹದಿನೈದು ಲೀಟರ್ ಹಾಕಿಕೊಂಡಿದ್ದೆ. ಬ್ಯಾರಲ್‌ಗೆ ಮುಚ್ಚಳ ಸರಿಯಾಗಿಲ್ಲ.

ಶೋರೂಂಗೆ ಫೋನ್ ಮಾಡಿದೆ. ರಿಟರ್ನ್ ಟೆಸ್ಟ್ ಮಾಡಿಲ್ಲವಂತೆ. "ಕೋಡ್ ಬಂದಿದೆಯಲ್ಲ ಸರ್" ಅಂದರು. ಗಾಡಿ ವಾಪಸ್ ತರುತ್ತೇನೆ.

ಹಳೇ ಸ್ಪ್ಯಾನರ್:

ಅಂದುಕೊಂಡೆ. ನೀರು ಹೋದರೆ ಇಂಜೆಕ್ಟರ್ ಒಳಗಿನ ವಾಲ್ವ್ ಸೀಟ್ ತುಕ್ಕು ಹಿಡಿದು ಸೋರುತ್ತದೆ. ಡೀಸೆಲ್ ಪಂಪ್, ನಾಝಲ್ ಕೆಲಸ ಮಾತ್ರ ಮಾಡುವ, ಟೆಸ್ಟ್ ಬೆಂಚ್ (ಬಿಚ್ಚಿದ ಇಂಜೆಕ್ಟರ್ ಪರೀಕ್ಷಿಸುವ ಯಂತ್ರ) ಇರುವ ಅಂಗಡಿಗೆ ಹೋಗಿ. ಹಾಸನದಲ್ಲೇ ಸಿಗುತ್ತದೆ. ನೀವೇ ಬಿಚ್ಚಲು ಹೋಗಬೇಡಿ. ಎಂಜಿನ್ ಓಡುವಾಗ ಹೈ ಪ್ರೆಷರ್ ಪೈಪ್ ಸಡಿಲಿಸಿದರೆ ಡೀಸೆಲ್ ಸೂಜಿಯ ಹಾಗೆ ಚರ್ಮದೊಳಗೆ ನುಗ್ಗುತ್ತದೆ. ಹೊರಗೆ ಚುಕ್ಕೆಯಷ್ಟೇ ಕಾಣುತ್ತದೆ, ಬೆರಳೇ ಹೋಗಬಹುದು.

ಇಂಜೆಕ್ಟರ್ ವಾಪಸ್ ಕೂರಿಸುವಾಗ ತಾಮ್ರದ ವಾಷರ್ ಹೊಸದೇ ಇರಲಿ. ಹೊಸ ಇಂಜೆಕ್ಟರ್ ಹಾಕಿದರೆ ಅದರ ತಲೆ ಮೇಲಿನ ಕೋಡನ್ನು ಇಸಿಯುಗೆ (ಎಂಜಿನ್ ಕಂಪ್ಯೂಟರ್‌ಗೆ) ಹಾಕಿಸಿ. ರಿಪೇರಿ ಮಾಡಿದ್ದಕ್ಕೂ ಬೆಂಚ್‌ನಲ್ಲಿ ಹೊಸ ಕೋಡ್ ಕೊಟ್ಟಿದ್ದರೆ ಅದನ್ನೇ. ಇದನ್ನು ಮರೆತೇ ಎಷ್ಟೋ ಗಾಡಿ ರಿಪೇರಿ ಆದ ಮೇಲೂ ಟಕಟಕ ಅನ್ನುತ್ತವೆ.

ತೋಟದಮನೆ:

ಒಂಬತ್ತು ದಿನ ಆದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. ಕಾಫಿ ಕೊಯ್ಲು ನಡೆಯುತ್ತಿದೆ.

ಹಾಸನದ ನಾಝಲ್ ಅಂಗಡಿಯಲ್ಲಿ ಟೆಸ್ಟ್ ಮಾಡಿಸಿದೆ. ಆಸ್ಪತ್ರೆಯ ಸಲೈನ್ ಪೈಪ್ ನಾಲ್ಕು ತುಂಡು ಮಾಡಿ ಒಂದೊಂದು ಇಂಜೆಕ್ಟರ್‌ಗೆ ಸಿಕ್ಕಿಸಿದರು. ಇನ್ನೊಂದು ತುದಿ ನಾಲ್ಕು ಖಾಲಿ ನೀರಿನ ಬಾಟಲಿಗೆ. ಎರಡು ನಿಮಿಷ ಎಂಜಿನ್ ಓಡಿಸಿದರು. ಒಂದು, ಎರಡು, ನಾಲ್ಕರಲ್ಲಿ ತಳ ಮುಚ್ಚುವಷ್ಟು ಡೀಸೆಲ್. ಮೂರನೆಯದರಲ್ಲಿ ಅವುಗಳ ನಾಲ್ಕು ಪಟ್ಟು. ಅಂಗಡಿಯ ಹುಡುಗ ಏನೂ ಹೇಳಲಿಲ್ಲ, ಬಾಟಲಿ ನನ್ನ ಮುಂದೆ ಹಿಡಿದು ನಕ್ಕ.

ಫಿಲ್ಟರ್ ಡೀಸೆಲ್ಲನ್ನು ಬಾಟಲಿಗೆ ಹಾಕಿ ಮ್ಯಾಗ್ನೆಟ್ ಆಡಿಸಿದೆವು. ಪುಡಿ ಇಲ್ಲ. ತಳದಲ್ಲಿ ಕಂದು ನೀರು ಇತ್ತು. ಪಂಪ್ ಚೆನ್ನಾಗಿದೆ.

ಖರ್ಚು: ಟೆಸ್ಟ್ ಮತ್ತು ಬಿಚ್ಚಿ ಕೂರಿಸಿದ್ದು 2,500. ಮೂರನೇ ಇಂಜೆಕ್ಟರ್‌ಗೆ ಹೊಸ ನಾಝಲ್, ವಾಲ್ವ್ ಸೆಟ್ 7,800. ಫಿಲ್ಟರ್ 1,150, ಟ್ಯಾಂಕ್ ತೊಳೆದಿದ್ದು 900, ಕೋಡಿಂಗ್ 500, ವಾಷರ್ 240. ಒಟ್ಟು 13,090. ಶೋರೂಂಗೆ ಕೊಟ್ಟ ಸ್ಕ್ಯಾನ್ ದುಡ್ಡು ಸೇರಿದರೆ 16,040. ಉಳಿದ ಮೂರು ಇಂಜೆಕ್ಟರ್ ಬೆಂಚ್ ಮೇಲೆ ಪಾಸ್, ಆದರೆ ಅವೂ ಅದೇ ನೀರು ಕುಡಿದಿವೆ, ವರ್ಷ ಬಿಟ್ಟು ಇನ್ನೊಂದು ಸಲ ನೋಡಿಸಿ ಅಂದಿದ್ದಾರೆ.

ನಿನ್ನೆ ಗುಂಡ್ಯಕ್ಕೆ ಇಳಿದು ಬೇಕಂತಲೇ ವಾಪಸ್ ಹತ್ತಿಸಿದೆ. ಮೂರನೇ ಗೇರ್, ಹಿಂದಿನ ಸೀಟಲ್ಲಿ ಎರಡು ಮೂಟೆ ಗೊಬ್ಬರ. ಲೈಟ್ ಬರಲಿಲ್ಲ. ಬೆಳಿಗ್ಗೆ ಅರ್ಧ ಸೆಲ್ಫ್‌ಗೇ ಸ್ಟಾರ್ಟ್.

ಟರ್ಬೋ ಪುಟ್ಟ:

ಹಾಗಾದ್ರೆ ಮಾರಬೇಡಿ ಬಿಡಿ. ಆ ಬ್ಯಾರಲ್ ಏನು ಮಾಡಿದಿರಿ?

ತೋಟದಮನೆ:

ಮೂರು ದಿನ ಅಲ್ಲಾಡಿಸದೆ ಬಿಟ್ಟು, ತಳದ ಬಿರಡೆ ಬಿಚ್ಚಿದೆ. ಡೀಸೆಲ್ ಬರುವ ಮೊದಲು ಒಂದೂವರೆ ಲೀಟರ್ ನೀರು ಬಂತು, ಜೊತೆಗೆ ಒಂದು ಸತ್ತ ಹಲ್ಲಿ.