ಬಸಳೆ, ವಾಲಿ, ಬಸೆಲ್ಲಾ: ಯಾವ ಹೆಸರು ಮೊದಲು?

ಶಿರಸಿ ಹಿತ್ತಲು:
ಕಾರವಾರದ ಸಂತೆಯಲ್ಲಿ ಬಸಳೆ ಸೊಪ್ಪಿನ ಕಟ್ಟಿಗೆ ‘ವಾಲಿ’ ಅಂತಾರೆ. ಎರಡೂ ಒಂದೇನಾ? ಸಸ್ಯಶಾಸ್ತ್ರದಲ್ಲಿ ಇದು ಬಸೆಲ್ಲಾ. ಹಾಗಾದ್ರೆ ಬಸಳೆ ಲ್ಯಾಟಿನ್ನಿಂದ ಬಂದ ಹೆಸರಾ? ಇನ್ನೊಂದು, ಹುಳಿ ಮಾಡಿದರೆ ಎಲೆ ಕರಗಿಹೋಗತ್ತೆ, ದಂಟು ಮಾತ್ರ ಗಟ್ಟಿ. ಯಾಕೆ?

ಕಾಳಿ ದಂಡೆ:
ಗಿಡ ಒಂದೇ, ವಾಲಿ ಅನ್ನೋದು ಕೊಂಕಣಿ ಹೆಸರು. ಲ್ಯಾಟಿನ್ ವಿಷಯ ಮಾತ್ರ ತಿರುವುಮುರುವು. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ ಮಾಡಿಸಿದ, ಮಲಬಾರಿನ ಗಿಡಗಳ ಗ್ರಂಥ ‘ಹಾರ್ಟಸ್ ಮಲಬಾರಿಕಸ್’ 1678ರಿಂದ 1693ರ ತನಕ 12 ಸಂಪುಟಗಳಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು. ಇಟ್ಟಿ ಅಚ್ಯುದನ್ ಎಂಬ ಮಲಯಾಳಿ ವೈದ್ಯರ ಜೊತೆ ರಂಗ ಭಟ್, ವಿನಾಯಕ ಪಂಡಿತ, ಅಪ್ಪು ಭಟ್ ಎಂಬ ಮೂವರು ಕೊಂಕಣಿ ವೈದ್ಯರೂ ಅದಕ್ಕೆ ದುಡಿದಿದ್ದಾರೆ. ಈ ಬಳ್ಳಿ ಅದರಲ್ಲಿ ಊರಿನ ಹೆಸರಲ್ಲೇ, ಬಸೆಲ್ಲಾ ಅಂತ ಇದೆ. 1753ರಲ್ಲಿ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ ಅದನ್ನೇ ಕುಲದ ಹೆಸರಾಗಿ ಉಳಿಸಿಕೊಂಡ. ತಮಿಳಿನ ಪಸಲೈ, ತೆಲುಗಿನ ಬಚ್ಚಲಿ, ಮಲಯಾಳದ ವಶಳ ಎಲ್ಲ ನಮ್ಮ ಬಸಳೆಯ ಒಡಹುಟ್ಟುಗಳು. ಸಂಸ್ಕೃತದ ಉಪೋದಿಕಾ ಬೇರೆಯೇ ಶಬ್ದ. ಇಂಗ್ಲಿಷಿನಲ್ಲಿ ಬಸಳೆಗೆ ‘ಮಲಬಾರ್ ಸ್ಪಿನಾಚ್’ ಅನ್ನೋದು ಕೇಳಿ ಪಾಲಕ್ ಜಾತಿ ಅಂದುಕೊಳ್ಳಬೇಡಿ, ಎರಡರ ಕುಟುಂಬವೇ ಬೇರೆ.

ಅಂಕೋಲಾ ಅಡುಗೆಮನೆ:
ದಂಟು ಬೇಯುವ ಮೊದಲೇ ಹುಳಿ ಬೀಳ್ತಾ ಇರಬೇಕು. ಹುಳಿ ಸೇರಿದ ಮೇಲೆ ದಂಟು ಮೆತ್ತಗಾಗೋದಿಲ್ಲ. ಒಂದೂವರೆ ಇಂಚಿನ ಹೋಳು ಮಾಡಿ, ದಪ್ಪಗಿದ್ದರೆ ಉದ್ದಕ್ಕೆ ಸೀಳಿ. ಮುಳುಗುವಷ್ಟು ನೀರು, ಉಪ್ಪು ಹಾಕಿ ಹತ್ತು ನಿಮಿಷ ಬೇಯಿಸಿ. ಉಗುರು ಇಳಿದರೆ ಆಯ್ತು. ಆಮೇಲೆ ಎಲೆ, ಅದಕ್ಕೆ ಮೂರೇ ನಿಮಿಷ ಸಾಕು. ನಾಲ್ಕು ಜನರಿಗೆ ಅರ್ಧ ಕಾಯಿ, ಆರು ಬ್ಯಾಡಗಿ ಮೆಣಸು, ಒಂದು ಚಮಚ ಹುರಿದ ಕೊತ್ತಂಬರಿ ಬೀಜ ರುಬ್ಬಿ ಹಾಕಿ. ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣಿನ ರಸ ಕಟ್ಟಕಡೆಗೆ. ಲೋಳೆಯೂ ಅದರಿಂದಲೇ ಇಳಿಯತ್ತೆ. ತೆಂಗಿನೆಣ್ಣೆಯಲ್ಲಿ ಎಂಟು ಎಸಳು ಜಜ್ಜಿದ ಬೆಳ್ಳುಳ್ಳಿ ಕೆಂಪಾಗುವ ತನಕ ಹುರಿದು ಒಗ್ಗರಣೆ ಕೊಡಿ. ಹಲಸಿನ ಬೇಳೆ ಹಾಕೋದಾದ್ರೆ ಜಜ್ಜಿ, ದಂಟಿಗಿಂತ ಮೊದಲೇ ಬೇಯಲು ಇಡಿ. ಒಣ ಸಿಗಡಿಯಾದ್ರೆ ತಲೆ, ಬಾಲ ಮುರಿದು ಬೇರೆಯೇ ಹುರಿದು, ಇಳಿಸುವಾಗ ಸೇರಿಸಿ.

ಸಿದ್ದಾಪುರ ತೋಟ:
ಮೇಲಿನವರು ಹೇಳಿದ್ದು ಸರಿ, ಆದರೆ ಬಲಿತ ದಂಟು ಎಷ್ಟು ಬೇಯಿಸಿದರೂ ನಾರೇ. ಹಗಲು ಗಿಡ್ಡವಾದಂತೆ ಬಳ್ಳಿ ಹೂಬಿಡತ್ತೆ, ದಂಟು ಬಲಿಯತ್ತೆ. ಕುಡಿ ಚಿವುಟುತ್ತಾ ಇದ್ದರೆ ಎಳೆ ಕವಲು ಬರ್ತಾ ಇರತ್ತೆ. ಕೆಂಪು ದಂಟಿನದ್ದು, ಹಸಿರು ದಂಟಿನದ್ದು ಬೇರೆ ಜಾತಿ ಅಲ್ಲ. ಲಿನೇಯಸ್ ರುಬ್ರಾ, ಆಲ್ಬಾ ಅಂತ ಎರಡು ಮಾಡಿದ್ದ, ಈಗ ಎರಡನ್ನೂ ಆಲ್ಬಾ ಅಂತಲೇ ಎಣಿಸ್ತಾರೆ.

ಎಲೆ ಮೇಲೆ ಕೆಂಪು ಅಂಚಿನ ದುಂಡು ಚುಕ್ಕೆ ಕಂಡರೆ ಅದು ಶಿಲೀಂಧ್ರ. ಮಳೆಗಾಲದಲ್ಲಿ ಚಪ್ಪರ ದಟ್ಟವಾದಾಗ ಹೆಚ್ಚು. ಅಂಥ ಎಲೆ ಕಿತ್ತು ಸುಡಿ, ಗೊಬ್ಬರಗುಂಡಿಗೆ ಹಾಕಬೇಡಿ. ನೀರು ಬುಡಕ್ಕಷ್ಟೇ ಕೊಡಿ.

ಕಟ್ಟಿನಲ್ಲಿ ನೇರಳೆ ಬಣ್ಣದ ಹಣ್ಣು ಕಂಡರೆ ಕೆಳಗಿನ ದಂಟನ್ನು ಹುಳಿಗೆ ಹಾಕಬೇಡಿ. ನಾಲ್ಕು ಗಂಟು ಬರುವ ಹಾಗೆ ಒಂದು ಗೇಣು ಕತ್ತರಿಸಿ, ಎರಡು ಗಂಟು ಮಣ್ಣೊಳಗೆ ಹೋಗುವಂತೆ ಓರೆಯಾಗಿ ನೆಟ್ಟುಬಿಡಿ.